ಡೆನಾಲಿಯ ಬಸ್ಸಿನಲ್ಲಿ ಕೂತು ಕರಡಿ ಹುಡುಕುವುದು ಹೇಗೆ

ಅಲಾಸ್ಕಾದ ಡೆನಾಲಿ ನ್ಯಾಷನಲ್ ಪಾರ್ಕ್‌ನಲ್ಲಿ ಇರುವುದು ಒಂದೇ ರಸ್ತೆ, ಉದ್ದ 92 ಮೈಲಿ. ಬೇಸಿಗೆಯಲ್ಲಿ ಸ್ವಂತ ಕಾರಿಗೆ ಮೊದಲ 15 ಮೈಲಿ, ಅಂದರೆ ಸ್ಯಾವೇಜ್ ನದಿಯವರೆಗೆ ಮಾತ್ರ ಅವಕಾಶ. ಡಾಂಬರು ಮುಗಿಯುವುದೂ ಅಲ್ಲೇ. ಅದರಾಚೆಗೆ ಬಸ್ಸೇ ಗತಿ. ಅದೂ ಮೇ 20ರ ಆಸುಪಾಸಿನಿಂದ ಸೆಪ್ಟೆಂಬರ್ ಮಧ್ಯದವರೆಗೆ.

ಹಳೇ ವಿಡಿಯೊ ನೋಡಿಕೊಂಡು ಪ್ಲಾನ್ ಹಾಕಬೇಡಿ. 66ನೇ ಮೈಲಿಯ ಐಲ್ಸನ್, 85ನೇ ಮೈಲಿಯ ವಂಡರ್ ಲೇಕ್‌ವರೆಗೆಲ್ಲ ಬಸ್ ಹೋಗುತ್ತಿದ್ದುದು ಆಗಿನ ಮಾತು. 2021ರ ಆಗಸ್ಟ್‌ನಲ್ಲಿ 45ನೇ ಮೈಲಿ ದಾಟಿದ ಮೇಲೆ ಸಿಗುವ ಪ್ರೆಟಿ ರಾಕ್ಸ್ ಎಂಬಲ್ಲಿ, ನೆಲದೊಳಗಿನ ಮಂಜುಗಡ್ಡೆ ಕರಗಿ ರಸ್ತೆಯೇ ಜಾರತೊಡಗಿತು. ಅಂದಿನಿಂದ ಬಸ್ಸುಗಳು 43ನೇ ಮೈಲಿಯ ಈಸ್ಟ್ ಫೋರ್ಕ್‌ನಲ್ಲಿ ತಿರುಗಿಕೊಂಡು ಬರುತ್ತಿವೆ. ಆ ಜಾಗ ದಾಟಿಸಲು ಸೇತುವೆ ಕೆಲಸ ನಡೆದಿದೆ. ನೀವು ಹೋಗುವ ವರ್ಷ ಬಸ್ ಎಲ್ಲಿವರೆಗೆ ಎಂದು ಪಾರ್ಕಿನ ವೆಬ್‌ಸೈಟಿನಲ್ಲಿ ನೋಡಿಯೇ ಟಿಕೆಟ್ ತೆಗೆಯಿರಿ.

ಬಸ್ಸಿನಲ್ಲಿ ಎರಡು ಬಗೆ. ಕಂದುಬಣ್ಣದ ಟೂರ್ ಬಸ್ಸಿನಲ್ಲಿ ಡ್ರೈವರೇ ಮೈಕಿನಲ್ಲಿ ವಿವರಣೆ ಕೊಡುತ್ತಾರೆ. ಇದರಲ್ಲಿ ಟಂಡ್ರಾ ವೈಲ್ಡರ್‌ನೆಸ್ ಟೂರ್‌ಗೆ ಸುಮಾರು ಐದೂವರೆ ಗಂಟೆ, ಹೋದ ಬಸ್ಸಲ್ಲೇ ವಾಪಸು. ಹಸಿರು ಟ್ರಾನ್ಸಿಟ್ ಬಸ್ಸಿನ ಟಿಕೆಟ್ ಅಗ್ಗ. ಪ್ರಾಣಿ ಕಂಡರೆ ಅದೂ ನಿಲ್ಲುತ್ತದೆ. ಬೇಕಾದಲ್ಲಿ ಇಳಿದು ನಡೆದಾಡಿ, ಹಿಂದೆ ಬರುವ ಇನ್ನೊಂದಕ್ಕೆ ಕೈ ತೋರಿಸಿ ಹತ್ತಬಹುದು. ತೊಂದರೆ ಏನೆಂದರೆ, ಸೀಟು ಖಾಲಿಯಿದ್ದರಷ್ಟೇ ಹತ್ತಿಸಿಕೊಳ್ಳುತ್ತಾರೆ. ನಾಲ್ಕೈದು ಮಂದಿ ಒಟ್ಟಿಗಿದ್ದರೆ ಬೇರೆ ಬೇರೆ ಬಸ್ಸಿಗೆ ಹಂಚಿಹೋಗಬೇಕಾಗಬಹುದು. ಊರಿಂದ ಬಂದ ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಟೂರ್ ಬಸ್ಸೇ ವಾಸಿ. ನಡೆಯುವ ಹುಮ್ಮಸ್ಸಿರುವವರು ಹಸಿರು ಬಸ್ ಹಿಡಿಯಲಿ.

ಎರಡೂ ಸ್ಕೂಲ್ ಬಸ್ಸಿನ ಮಾದರಿಯವೇ, ಕಾಲು ಚಾಚಲು ಜಾಗ ಕಡಿಮೆ. ಹಿಂದಿನ ಚಕ್ರದ ಮೇಲಿನ ಸೀಟು ಬಿಡಿ, ಜಲ್ಲಿ ರಸ್ತೆಯಲ್ಲಿ ಸೊಂಟ ಹಿಡಿಯುತ್ತದೆ. ಹೋಗುವಾಗ ಎಡಗಡೆ, ಅಂದರೆ ಡ್ರೈವರ್ ಕೂರುವ ಬದಿಯಲ್ಲಿ, ಅಲಾಸ್ಕಾ ಪರ್ವತಶ್ರೇಣಿ ಇರುತ್ತದೆ. ಪ್ರಾಣಿಗಳಿಗೆ ಮಾತ್ರ ಎಡ ಬಲ ಎಂಬುದಿಲ್ಲ. ಬಸ್ಸಿನೊಳಗೆ ಟಾಯ್ಲೆಟ್ ಇಲ್ಲ. 30ನೇ ಮೈಲಿಯ ಟೆಕ್ಲನೀಕಾದಲ್ಲಿ ನಿಲ್ಲಿಸಿದಾಗ ಅವಸರವಿಲ್ಲದಿದ್ದರೂ ಹೋಗಿಬನ್ನಿ. ದಾರಿಯಲ್ಲಿ ಅಂಗಡಿ ಹೋಟೆಲ್ ಏನೂ ಸಿಗದು. ಚಪಾತಿ ಪಲ್ಯ ಸುತ್ತಿಕೊಂಡು, ನೀರು ತುಂಬಿಕೊಂಡು ಹತ್ತಿ. ಜುಲೈಯಲ್ಲೂ ಸ್ವೆಟರ್ ಮತ್ತು ಮಳೆಯ ಜಾಕೆಟ್ ಬೇಕು. ಕಿಟಕಿ ತೆರೆದಾಗ ಗಾಳಿ ಕೊರೆಯುತ್ತದೆ.

ಇನ್ನು ನೋಡುವ ವಿಷಯ. ನಾಗರಹೊಳೆಯಲ್ಲಿ ಪೊದೆಯ ಸಂದಿಯಲ್ಲಿ ಹುಡುಕಿ ಪಳಗಿದ ಕಣ್ಣು ಇಲ್ಲಿ ಏಮಾರುತ್ತದೆ. ಇಲ್ಲಿ ಮರವಿಲ್ಲದ ಬಯಲು, ಪ್ರಾಣಿ ಒಂದು ಕಿಲೋಮೀಟರ್ ದೂರದಲ್ಲೂ ಇರಬಹುದು. 8x42, ಅಂದರೆ ಎಂಟು ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಸಾಕು. 10x ತಂದರೆ ಕೈನಡುಕವೂ ಹಿಗ್ಗಿ ಕಾಣುತ್ತದೆ. ಮೊದಲು ಬರಿಗಣ್ಣಲ್ಲಿ ಇಳಿಜಾರನ್ನು ಸಾಲುಸಾಲಾಗಿ ಸವರಿ, ಅನುಮಾನ ಬಂದಲ್ಲಿ ಮಾತ್ರ ಬೈನಾಕ್ಯುಲರ್ ಎತ್ತಿ.

ಕರಡಿಯೆಂದರೆ ಕಪ್ಪು ಎಂದುಕೊಂಡವರಿಗೆ ಡೆನಾಲಿಯ ಗ್ರಿಜ್ಲಿ ಕಣ್ಣಿಗೇ ಬೀಳುವುದಿಲ್ಲ. ಇಲ್ಲಿನ ಬಹಳಷ್ಟು ಕರಡಿಗಳ ಮೈ ಒಣಹುಲ್ಲಿನ ಬಣ್ಣ, ಕಾಲು ಮಾತ್ರ ಕಂದು. ಹಸಿರು ಇಳಿಜಾರಿನಲ್ಲಿ ಹುಲ್ಲುಮೆದೆಯಂಥದ್ದೊಂದು ಕಂಡರೆ ಅರ್ಧ ನಿಮಿಷ ದಿಟ್ಟಿಸಿ. ಜಾಗ ಬದಲಿಸಿದರೆ ಕರಡಿ, ಇಲ್ಲದಿದ್ದರೆ ಬಂಡೆ. ಹೆಗಲ ಮೇಲಿನ ಉಬ್ಬು ಖಾತ್ರಿಯ ಗುರುತು. 38ರಿಂದ 43ನೇ ಮೈಲಿಯ ಸೇಬಲ್ ಪಾಸ್ ಸುತ್ತ ಕಣ್ಣು ಚುರುಕಾಗಿರಲಿ. ಕರಡಿಗಳಿಗಾಗಿಯೇ ಅಲ್ಲಿ ರಸ್ತೆ ಬಿಟ್ಟು ಕಾಲಿಡುವಂತಿಲ್ಲ. ಅದಕ್ಕೂ ಮೊದಲು ಸಿಗುವ ಇಗ್ಲೂ ಕಣಿವೆಯಲ್ಲಿ ಕತ್ತೆತ್ತಿ ಬಂಡೆಗಳ ತುದಿ ನೋಡಿ, ಬಿಳಿ ಚುಕ್ಕೆಗಳು ಡಾಲ್ ಎಂಬ ಕಾಡುಕುರಿಗಳು. ಕರಗದೆ ಉಳಿದ ಹಿಮವೂ ಹಾಗೇ ಕಾಣುತ್ತದೆ, ಆದರೆ ಕುರಿಯ ಬಿಳುಪಿನಲ್ಲಿ ಕೆನೆಯ ಛಾಯೆ ಇರುತ್ತದೆ. ಬಿಸಿಲಿನ ದಿನ ದೊಡ್ಡ ಹಿಮದ ತುಂಡಿನ ಮೇಲೆ ನಿಂತಿರುವುದು ಕ್ಯಾರಿಬೂ ಎಂಬ ಹಿಮಸಾರಂಗ, ಸೊಳ್ಳೆ ನೊಣಗಳ ಕಾಟ ತಾಳದೆ ಅಲ್ಲಿ ಸೇರಿರುತ್ತವೆ. ಕೊಂಬಿದ್ದ ಮಾತ್ರಕ್ಕೆ ಗಂಡು ಎನ್ನಬೇಡಿ, ಹೆಣ್ಣಿಗೂ ಕೊಂಬುಂಟು. ತೋಳ ಕಂಡರೆ ಅದೃಷ್ಟ.

ಏನಾದರೂ ಕಂಡರೆ ಜೋರಾಗಿ "ಸ್ಟಾಪ್" ಎನ್ನಿ, ಜೊತೆಗೆ ಗಡಿಯಾರದ ಲೆಕ್ಕದಲ್ಲಿ ದಿಕ್ಕು ಹೇಳಿ: ಬಸ್ಸಿನ ಮೂತಿ 12 ಗಂಟೆ, ಬಲಗಡೆ 3, ಎಡಗಡೆ 9. "ಅಲ್ಲಿ ಅಲ್ಲಿ" ಎಂದು ಬೆರಳು ತೋರಿಸಿದರೆ ಯಾರಿಗೂ ತಿಳಿಯದು. ಬಸ್ ನಿಂತ ಮೇಲೆ ಪಿಸುಮಾತು. ಕೈ, ತಲೆ, ಕ್ಯಾಮೆರಾ ಯಾವುದೂ ಹೊರಗೆ ಹೋಗಬಾರದು. ಫೋಟೊಗೆ ಎಂಜಿನ್ ಆಫ್ ಆಗುವವರೆಗೆ ಕಾಯಿರಿ. ಲೆನ್ಸನ್ನು ಕಿಟಕಿಯ ಅಂಚಿಗೆ ಒರಗಿಸಿದರೆ ಅದುರಿಕೆ ನೇರ ಚಿತ್ರಕ್ಕೇ ಇಳಿಯುತ್ತದೆ. ಧೂಳು ಹಿಡಿದ ಗಾಜಿನ ಮೂಲಕ ಫೋಕಸ್ಸೂ ಕೂರದು, ಕಿಟಕಿ ಇಳಿಸಿ.

6,190 ಮೀಟರಿನ ಡೆನಾಲಿ ಪರ್ವತವನ್ನು ನೋಡಲೆಂದೇ ಹೋದರೆ ನಿರಾಶೆ ಆಗಬಹುದು. ಬೇಸಿಗೆಯಲ್ಲಿ ಮೋಡ ಸರಿದು ಅದು ದರ್ಶನ ಕೊಡುವುದು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ. (ಪರ್ವತದ ಸರ್ಕಾರಿ ಹೆಸರು 2025ರಲ್ಲಿ ಮತ್ತೆ ಮೌಂಟ್ ಮೆಕಿನ್ಲಿ ಆಯಿತು, ಪಾರ್ಕ್ ಮಾತ್ರ ಡೆನಾಲಿಯೇ.)

ವಾಪಸು ಬರುವಾಗ ಅರ್ಧ ಬಸ್ ತೂಕಡಿಸುತ್ತಿರುತ್ತದೆ. ಸ್ಯಾವೇಜ್ ನದಿ ದಾಟಿದ ಮೇಲೆ ಕಾಡು ಮತ್ತೆ ದಟ್ಟವಾಗುತ್ತದೆ. ಮೂಸ್ ಎಂಬ ಭಾರೀ ಜಿಂಕೆ ಮೇಯುವುದು ಅಲ್ಲಿನ ವಿಲ್ಲೋ ಪೊದೆಗಳಲ್ಲಿ, ಎಷ್ಟೋ ಸಲ ರಸ್ತೆಯ ಅಂಚಿನಲ್ಲೇ. ನಿದ್ದೆ ಬಂದರೆ ಅದಕ್ಕೂ ಮುಂಚೆಯೇ ಮುಗಿಸಿಕೊಳ್ಳಿ.