ರೋಡ್ ಕಡೆ ವಾಲಿರೋ ದೊಡ್ಡ ಮರ ಕಡಿಯೋದು ಹೇಗೆ

ಜೂನ್ ಬಂತು ಅಂದ್ರೆ ಮಲ್ನಾಡಲ್ಲಿ ರೋಡ್ ಪಕ್ಕದ ಅಕೇಶಿಯಾಗಳದ್ದೇ ಚಿಂತೆ, ನೆಲ ನೆನೆದ್ರೆ ಸಾಕು ಒಂದೊಂದೇ ರೋಡಿಗೆ ಬಗ್ಗೋಕೆ ಶುರು. ಮರ ಕೊಯ್ಯೋ ಮಷಿನ್ (ಚೈನ್‌ಸಾ) ಇದೆ ಅಂತ ಸೀದಾ ಹೋಗಿ ಕೊಯ್ಯೋಕೆ ನಿಲ್ಬೇಡಿ. ಬೇಲಿ ಆಚೆ ಇರೋ ಮರ ಸರ್ಕಾರದ್ದು, ನಮ್ ಜಾಗದ್ದಾದ್ರೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಕೆಲವು ಜಾತಿಗೆ ವಿನಾಯ್ತಿ ಉಂಟು, ನಿಮ್ದು ಅದ್ರಲ್ಲಿದ್ಯಾ ಅಂತ ಅರಣ್ಯ ಇಲಾಖೆ ಆಫೀಸಲ್ಲಿ ಕೇಳ್ಕೊಳ್ಳಿ. ಹತ್ರ ಕರೆಂಟ್ ಲೈನ್ ಇದ್ರೆ 1912ಕ್ಕೆ ಫೋನ್ ಮಾಡಿ ಆಫ್ ಮಾಡಿಸಿ, ಆದ್ರೆ ಫೋನಲ್ಲಿ "ಆಫ್ ಆಯ್ತು" ಅಂದಿದ್ದು ನಂಬ್ಬೇಡಿ, ಲೈನ್‌ಮನ್ ಬಂದು ಅಲ್ಲೇ ನಿಂತಿರ್ಬೇಕು. ಮರ ಲೈನ್ ಮೇಲೇ ವಾಲಿದ್ರೆ ಅಥವಾ ಮನೆ ಮೇಲೆ ಬೀಳೋ ಹಾಗಿದ್ರೆ ಬುಡಕ್ಕೆ ಕೈ ಹಾಕೋದೇ ಬೇಡ, ಮರ ಹತ್ತೋರನ್ನ ಕರೆಸಿ ತುದಿಯಿಂದ ತುಂಡು ತುಂಡಾಗಿ ಇಳಿಸ್ಬೇಕು.

ಬುಡಕ್ಕೆ ಕೊಡ್ಲಿ ಹಿಂಬದಿಯಿಂದ ತಟ್ಟಿ ನೋಡಿ. ಡೊಳ್ಳು ಸೌಂಡ್ ಬಂದ್ರೆ ಒಳಗೆ ಪೊಟರೆ, ಅದನ್ನೂ ಗೊತ್ತಿದ್ದೋರಿಗೇ ಬಿಡಿ.

ಈಗ ಅಸಲಿ ವಿಷ್ಯ. ವಾಲಿದ ಮರ ವಾಲಿದ ಕಡೆಗೇ ಬೀಳುತ್ತೆ, ಜೀಪಿಗೆ ಹಗ್ಗ ಕಟ್ಟಿ ಆಚೆ ಕಡೆ ಎಳೀತೀವಿ ಅನ್ನೋರ ಮಾತು ಕೇಳ್ಬೇಡಿ, ದೊಡ್ಡ ಮರ ಜೀಪನ್ನೇ ಎಳ್ಕೊಂಡು ಹೋಗುತ್ತೆ. ಅದಕ್ಕೇ ರೋಡನ್ನ ಎರಡೂ ಕಡೆ ಬಂದ್ ಮಾಡಿ, ಮರದ ಎತ್ತರದ ಎರಡರಷ್ಟು ದೂರದ ಒಳಗೆ ಯಾರೂ ಇರ್ಬಾರ್ದು, ತಿರುವು ಇದ್ರೆ ತಿರುವಿನ ಆಚೆನೇ ಒಬ್ಬನ್ನ ನಿಲ್ಸಿ. ವಾಲಿದ ಮರದ ಬೆನ್ನಿನ ಕಡೆ ನಾರೆಲ್ಲ ಬಿಲ್ಲಿನ ಹಗ್ಗದ ಥರ ಬಿಗಿದಿರುತ್ತೆ. ಮಾಮೂಲಿ ಥರ ಹಿಂದಿನಿಂದ ಕೊಯ್ತಾ ಬಂದ್ರೆ ಅರ್ಧ ಕೊಯ್ಯೋ ಮೊದ್ಲೇ ಕಾಂಡ ಉದ್ದಕ್ಕೆ ಸೀಳಿ ಹಿಂದಿನ ಅರ್ಧ ಮೇಲಕ್ಕೆ ಚಿಮ್ಮಿ ಕೊಯ್ಯೋನ ಎದೆಗೆ, ಮುಖಕ್ಕೆ ಬಡಿಯುತ್ತೆ, ಓಡೋಕೂ ಟೈಮ್ ಇರಲ್ಲ. ಬಾರ್ಬರ್ ಚೇರ್ ಅಂತಾರೆ ಇದಕ್ಕೆ, ಹೆಸರು ಮಾತ್ರ ತಮಾಷೆ.

ಇದು ಆಗ್ದೇ ಇರೋಕೆ ಹಿಂಗೆ ಮಾಡ್ಬೇಕು. ಬುಡ 60 ಸೆಂ.ಮೀ. ದಪ್ಪ ಅಂತಿಟ್ಕೊಳ್ಳಿ. ಬೀಳೋ ಕಡೆ ಬಾಯಿ ತೆಗೀರಿ, ಅಂದ್ರೆ ತ್ರಿಕೋನದ ಥರ ಕಚ್ಚು ಹಾಕಿ, 12 ಸೆಂ.ಮೀ. ಆಳ ಸಾಕು, ಜಾಸ್ತಿ ಹೋದ್ರೆ ಮರ ಅಮುಕಿ ಬ್ಲೇಡ್ ಸಿಕ್ಕಾಕ್ಕೊಳ್ಳುತ್ತೆ. ಬಾಯಿ ಹಿಂದೆ 6 ಸೆಂ.ಮೀ. ಪಟ್ಟಿ ಬಿಡ್ಬೇಕು, ಅದೇ ಬಾಗಿಲಿನ ಕೀಲು ಇದ್ದಂಗೆ, ಅದನ್ನ ಮುಟ್ಲೇಬಾರ್ದು. ಆ ಪಟ್ಟಿಯ ಹಿಂದೆ ಪಕ್ಕದಿಂದ ಬ್ಲೇಡನ್ನ ಒಳಗೆ ತೂರಿಸಿ, ಬ್ಲೇಡಿನ ಮೂತಿಯ (ತುದಿಯ) ಕೆಳಭಾಗದಿಂದ ಶುರು ಮಾಡಿ, ಮೇಲ್ಭಾಗ ತಾಗಿದ್ರೆ ಮಷಿನ್ ಮುಖಕ್ಕೇ ಎಗರುತ್ತೆ. ಒಳಗಿಂದ ಹಿಂದಕ್ಕೆ ಕೊಯ್ತಾ ಬಂದು ಬೆನ್ನಿನ ಕಡೆ ಒಂದು ಪಟ್ಟಿ ಉಳಿಸಿ ನಿಲ್ಸಿ. ಮರ ಇನ್ನೂ ನಿಂತೇ ಇರುತ್ತೆ. ಬ್ಲೇಡ್ ಹೊರಗೆ ತೆಗೆದು, ರೋಡ್ ಇನ್ನೊಂದ್ಸಲ ನೋಡಿ, ಕೂಗಿ ಹೇಳಿ, ಆಮೇಲೆ ಪಕ್ಕಕ್ಕೆ ನಿಂತು ಆ ಹಿಂದಿನ ಪಟ್ಟಿ ಹೊರಗಿಂದ ಕೊಯ್ದ್ಬಿಡಿ. ಒಂದೇ ಸಲಕ್ಕೆ ಹೋಗುತ್ತೆ. ನೀವು ಓರೆಯಾಗಿ ಹಿಂದಕ್ಕೆ ಹೋಗ್ಬೇಕು, ನೇರ ಹಿಂದೆ ಅಲ್ಲ, ಆ ದಾರಿಯ ಬಳ್ಳಿ ಮುಳ್ಳು ಮೊದ್ಲೇ ಸವರಿರ್ಬೇಕು.

ಇದನ್ನ ಮೊದಲ್ನೇ ಸಲ ವಾಲಿದ ಮರದ ಮೇಲೆ ಟ್ರೈ ಮಾಡ್ಬೇಡಿ, ನೆಲದ ಮೇಲಿರೋ ದಿಮ್ಮಿಗೆ ತೂರಿಸಿ ಕೈ ಪಳಗಿಸ್ಕೊಳ್ಳಿ. ಮಳೆ, ಗಾಳಿ ಇದ್ರೆ ಆ ದಿನ ಬೇಡ.

ಬಿದ್ಮೇಲೆ ತುಂಡು ಮಾಡುವಾಗ ಇಳಿಜಾರಿದ್ರೆ ಮೇಲ್ಗಡೆನೇ ನಿಲ್ಲಿ, ದಿಮ್ಮಿ ಉರುಳುತ್ತೆ. ಸೊಪ್ಪು, ಮರದ ಪುಡಿ ಎಲ್ಲ ಗುಡಿಸಿದ್ಮೇಲೇ ಗಾಡಿ ಬಿಡಿ, ಒದ್ದೆ ರೋಡಲ್ಲಿ ಬೈಕ್‌ನೋರು ಜಾರಿ ಬೀಳ್ತಾರೆ.