ಮನೇಲೇ ಪಾಠ ಶುರು ಮಾಡಿದೀರಾ? ದಿನಚರಿ ಕೂರೋ ತನಕ ಹೀಗ್ ಮಾಡಿ ನೋಡಿ

ಜೂನ್ ಬಂತು ಅಂದ್ರೆ ನಮ್ ಬೀದೀಲಿ ಬೆಳಗ್ಗೆ ಎಂಟಕ್ಕೆಲ್ಲ ಸ್ಕೂಲ್ ವ್ಯಾನ್ ಹಾರನ್ ಶುರು. ಅದೇ ಹೊತ್ತಿಗೆ ನಮ್ಮನೆ ಇಬ್ರೂ, ದೊಡ್ಡವಳಿಗೆ ಏಳು ಚಿಕ್ಕವನಿಗೆ ನಾಲ್ಕೂವರೆ, ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕ್ತಾ ಇರ್ತಾರೆ. ಮೈಸೂರಲ್ಲೇ ಇರೋದು ನಾವು, ಎರಡು ವರ್ಷ ಆಯ್ತು ಮನೇಲೇ ಪಾಠ. ದೊಡ್ಡವಳು ಎಲ್‌ಕೆಜಿಗೆ ಹೋಗ್ತಿದ್ಲು, ದಿನಾ ನಾಲ್ಕು ಪೇಜ್ ಬರಿಯೋ ಹೋಮ್‌ವರ್ಕು, ಬೆಳಗ್ಗೆ ಎದ್ರೆ ಹೊಟ್ಟೆನೋವು ಅಂತ ಅಳು, ಭಾನುವಾರ ಮಾತ್ರ ಹೊಟ್ಟೆನೋವು ಇರ್ತಿರ್ಲಿಲ್ಲ, ಅದನ್ನ ನೋಡಿ ನೋಡಿ ನಮಗೇ ತಡಿಯಕ್ಕಾಗ್ಲಿಲ್ಲ, ಬಿಡಿಸಿಬಿಟ್ವಿ. ಈಗ ಅದೇ ದಾರಿ ಹಿಡಿಯೋಣ ಅನ್ನೋ ಅಪ್ಪ ಅಮ್ಮಂದಿರು ಕೇಳ್ತಾನೇ ಇರ್ತಾರೆ. ಸಿಲಬಸ್ ಬಗ್ಗೆ ಕೇಳೋರು ಕಮ್ಮಿ, ದಿನ ಹೇಗ್ರೀ ಸಾಗ್ಸೋದು ಅಂತ ಕೇಳೋರೇ ಜಾಸ್ತಿ.

ಮೊದಲನೇ ತಿಂಗಳು ಪಾಠವೇ ಬೇಡ. ಇದನ್ನ ಯಾರೂ ಒಪ್ಪಲ್ಲ, ನಾನೂ ಒಪ್ಪಿರ್ಲಿಲ್ಲ. ಸ್ಕೂಲ್ ಬಿಡಿಸಿದ ಸೋಮವಾರಾನೇ ಗೋಡೆಗೆ ಟೈಮ್‌ಟೇಬಲ್ ಅಂಟಿಸಿದ್ದೆ, ಒಂಬತ್ತಕ್ಕೆ ಕನ್ನಡ, ಒಂಬತ್ತೂ ನಲ್ವತ್ತಕ್ಕೆ ಲೆಕ್ಕ, ಹೀಗೆ ಮಧ್ಯಾಹ್ನದ ತನಕ. ಬುಧವಾರಕ್ಕೆ ಮಗೂನೂ ಅತ್ತು ನಾನೂ ಅತ್ತು ಆಗಿತ್ತು. ಆಮೇಲೆ ಅರ್ಥ ಆಯ್ತು, ಯಾವುದು ಬೇಡ ಅಂತ ಬಿಡಿಸ್ಕೊಂಡು ಬಂದ್ವೋ ಅದನ್ನೇ ಮನೆ ಹಾಲಿಗೆ ತಂದಿಟ್ಟಿದ್ದೆ. ಹಾಗಾಗಿ ಒಂದು ತಿಂಗಳು ಕಥೆ ಓದಿ ಹೇಳಿ, ಆಡಕ್ಕೆ ಬಿಡಿ, ಅಡುಗೆಮನೇಲಿ ಜೊತೆಗಿರ್ಲಿ, ಮಧ್ಯಾಹ್ನ ನಿದ್ದೆ ಮಾಡ್ಲಿ. ಸ್ಕೂಲಿಗೇ ಹೋಗಿರದ ಮಗು ಆದ್ರೆ ಇಷ್ಟು ಬಿಡುವು ಬೇಕಾಗಲ್ಲ.

ಆ ತಿಂಗಳಲ್ಲಿ ನೀವು ಮಾಡ್ಬೇಕಾದ್ದು ಒಂದೇ, ಗಮನಿಸೋದು. ಹಳೇ ಕ್ಯಾಲೆಂಡರ್ ಹಿಂಭಾಗದಲ್ಲಿ ದಿನಾ ಎರಡೇ ಸಾಲು ಬರೀರಿ: ಮಗು ಯಾವಾಗ ಚುರುಕಾಗಿತ್ತು, ಯಾವಾಗ ಕಿರಿಕಿರಿ ಮಾಡ್ತು. ನಮ್ಮನೇಲಿ ತಿಂಡಿ ಆದ್ಮೇಲೆ ಒಂಬತ್ತೂವರೆಯಿಂದ ಹನ್ನೊಂದು ಒಳ್ಳೇ ಹೊತ್ತು ಅಂತ ಹಾಗೇ ಗೊತ್ತಾಗಿದ್ದು, ಊಟ ಆದ್ಮೇಲೆ ಏನ್ ಮಾಡಿದ್ರೂ ತಲೆಗೆ ಹೋಗಲ್ಲ. ನಿಮ್ಮನೇಲಿ ಬೇರೆ ಇರಬೋದು, ಒಬ್ರು ಸ್ನೇಹಿತೆ ಮನೇಲಿ ಸಂಜೆ ದೀಪ ಹಚ್ಚಿದ ಮೇಲೇ ಮಕ್ಕಳು ಕೂರೋದು, ಅವ್ರಿಗೆ ಅದೇ ಸರಿ.

ಈಗ ದಿನಚರಿ. ಗಡಿಯಾರ ನೋಡಿ ಮಾಡ್ಬೇಡಿ, ಮನೇಲಿ ದಿನಾ ತಪ್ಪದೆ ನಡಿಯೋ ಕೆಲಸಗಳಿಗೆ ತಗುಲಿಹಾಕಿ. ತಿಂಡಿ, ಸ್ನಾನ, ಊಟ, ಸಂಜೆ ಹಾಲು, ರಾತ್ರಿ ಹಾಸಿಗೆ, ಈ ಐದು ಎಲ್ಲರ ಮನೇಲೂ ಇದ್ದೇ ಇರತ್ತೆ. ತಿಂಡಿ ತಟ್ಟೆ ಎತ್ತಿದ ತಕ್ಷಣ ಪಾಠಕ್ಕೆ ಚಾಪೆ ಹಾಸೋದು, ಹಾಸಿಗೆಗೆ ಹೋದ ತಕ್ಷಣ ಕಥೆ. ನಂಟರು ಬಂದು ತಿಂಡಿ ಒಂದ್ ಗಂಟೆ ಲೇಟಾದ್ರೂ ಚಾಪೆ ತಿಂಡಿ ಹಿಂದೆ ಬರತ್ತೆ, ಟೈಮ್ ತಪ್ಪೋಯ್ತು ಅನ್ನೋ ಮಾತೇ ಇಲ್ಲ. ಎರಡು ಮೂರು ವಾರ ಕಳೀತು ಅಂದ್ರೆ ಚಿಕ್ಕೋನೇ ಚಾಪೆ ಎಳ್ಕೊಂಡ್ ಬರ್ತಾನೆ.

ಎಷ್ಟ್ ಹೊತ್ತು ಅಂದ್ರೆ, ನಾಲ್ಕು ವರ್ಷದ್ದಕ್ಕೆ ಒಂದ್ ಸಲಕ್ಕೆ ಹತ್ತು ನಿಮಿಷ, ಏಳಕ್ಕೆ ಇಪ್ಪತ್ತು ಇಪ್ಪತ್ತೈದು. ಎಲ್ಲಾ ಸೇರಿ ದಿನಕ್ಕೆ ಒಂದೂವರೆ ಗಂಟೆ ಮೀರಿಲ್ಲ ನಾವು. ಕ್ಲಾಸಲ್ಲಿ ಮೂವತ್ತು ನಲ್ವತ್ತು ಮಕ್ಕಳು, ಹಾಜರಿ, ನೋಟ್‌ಬುಕ್ ಹಂಚೋದು ಅಂತ ಹೊತ್ತು ಹೋಗತ್ತೆ, ಮನೇಲಿ ಅದೇನೂ ಇಲ್ವಲ್ಲ.

ಓದಿಸಕ್ಕೆ ಶುರು ಮಾಡೋವಾಗ ಅ ಆ ಇ ಈ ಇಂದಲೇ ಹೋಗ್ಬೇಕು ಅಂತಿಲ್ಲ. ನಮ್ ಸರ್ಕಾರಿ ಸ್ಕೂಲುಗಳಲ್ಲಿ ಚಿಕ್ಕ ಕ್ಲಾಸಿನ ಮಕ್ಕಳಿಗೆ ಆಡ್ತಾ ಕಲಿಸೋ ನಲಿಕಲಿ ಪದ್ಧತಿ ಇದ್ಯಲ್ಲ, 1995ರಲ್ಲಿ ನಮ್ ಜಿಲ್ಲೆ ಹೆಗ್ಗಡದೇವನಕೋಟೆ ತಾಲ್ಲೂಕಲ್ಲೇ ಶುರುವಾಗಿದ್ದು, ಅದ್ರಲ್ಲಿ ಮೊದಲು ಕಲಿಸೋದು ರ, ಗ, ಸ, ದ, ಅ. ಬರಿಯಕ್ಕೂ ಸುಲಭ, ಐದೇ ಅಕ್ಷರಕ್ಕೆ ಸರ, ದರ, ರಸ, ಅರಸ, ಗರಗಸ ಇಷ್ಟೆಲ್ಲ ಪದ ಬಂದ್ಬಿಡತ್ತೆ, ಕಾಗುಣಿತ ಗೊತ್ತಿಲ್ದಿದ್ರೂ ಮಗು ಓದಿದ ಹಾಗೇ. ನಾನು ಸ್ಟೀಲ್ ತಟ್ಟೇಲಿ ರಂಗೋಲಿ ಪುಡಿ ಹರಡಿ ಬೆರಳಲ್ಲಿ ತೀಡಿಸ್ತಿದ್ದೆ, ತಪ್ಪಾದ್ರೆ ತಟ್ಟೆ ಒಂದ್ಸಲ ಅಲ್ಲಾಡಿಸಿದ್ರೆ ಆಯ್ತು, ಅಳಿಸೋ ರಬ್ಬರ್ರೂ ಬೇಡ ಬೈಗಳೂ ಬೇಡ. ಮೂರನೇ ವಾರ ಇರಬೇಕು, ಬಚ್ಚಲು ಬಾಗಿಲು ರಿಪೇರಿಗೆ ಬಡಗಿ ಬಂದಿದ್ರು, ಅವರ ಚೀಲದಿಂದ ಗರಗಸ ಈಚೆ ಬಂದಿದ್ದೇ ತಡ ಇವಳು ಓಡಿ ಹೋಗಿ ತಟ್ಟೆ ತಂದು ಅವರ ಕಾಲ ಹತ್ರ ಕೂತು ಗ, ರ, ಗ, ಸ ಅಂತ ಒಂದೊಂದೇ ತೀಡಿ ತಲೆ ಎತ್ತಿ ಅವರ ಮುಖ ನೋಡಿದ್ಲು. ಅವ್ರು ಕೆಲಸ ನಿಲ್ಲಿಸಿ ಅದನ್ನ ಓದಿದ್ರು, ಜೋರಾಗಿ ಓದಿದ್ರು. ಆವತ್ತಿಂದ ಓದು ಅಂತ ನಾನು ಅವಳಿಗೆ ಹೇಳೋ ಪ್ರಮೇಯ ಬಂದಿಲ್ಲ.

ಪುಸ್ತಕಕ್ಕೆ ದುಡ್ಡು ಸುರೀಬೇಡಿ. ರಾಜ್ಯ ಪಠ್ಯಪುಸ್ತಕಗಳು ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಫ್ರೀ ಆಗಿ ಸಿಗತ್ತೆ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಬೇಕಾದಷ್ಟಿವೆ, ಓದೋ ಮಟ್ಟದ ಪ್ರಕಾರ ಬೇರೆ ಬೇರೆ ಮಾಡಿಟ್ಟಿದ್ದಾರೆ. ಫೋನಲ್ಲಿ ತೋರಿಸೋದು ಬೇಡ ಅನ್ಸಿದ್ರೆ ಹತ್ತಿರದ ಗ್ರಂಥಾಲಯಕ್ಕೆ ಹೋಗಿ, ಹಳ್ಳೀಲಿದ್ರೆ ಗ್ರಾಮ ಪಂಚಾಯ್ತಿ ಲೈಬ್ರರಿ.

ಲೆಕ್ಕಕ್ಕೆ ಅಳಗುಳಿಮಣೆ ಹುಡುಕಿ, ಅಜ್ಜಿ ಮನೆ ಅಟ್ಟದ ಮೇಲೆ ಸಿಗತ್ತೆ. ಹದಿನಾಲ್ಕು ಗುಳಿ, ಗುಳಿಗೆ ಐದೈದು ಹುಣಸೆ ಬೀಜ. ಚಿಕ್ಕೋನು ಒಂದೊಂದು ಗುಳಿಗೂ ಬೀಜ ಬಿಡ್ತಾ ಎಣಿಸ್ತಾನೆ, ಅವನ ಪಾಠ ಅಷ್ಟೇ. ದೊಡ್ಡವಳು ಒಂದಿನ ಆಟದ ಮಧ್ಯ ತಡೆದು, ನನ್ ಕಡೆ ಏಳು ಗುಳಿ ಮೂವತ್ತೈದು, ನಿನ್ ಕಡೇನೂ ಮೂವತ್ತೈದು, ಒಟ್ಟು ಎಪ್ಪತ್ತಲ್ವಾ ಅಮ್ಮ ಅಂದ್ಲು, ಮಗ್ಗಿ ಅಲ್ಲಿಂದಲೇ ಶುರು ಆಯ್ತು. ಚೌಕಾಬಾರನೂ ಹಾಗೇ, ಕವಡೆ ಹಾಕಿ ಇನ್ನೆಷ್ಟು ಬಿದ್ರೆ ಹಣ್ಣಾಗತ್ತೆ ಅಂತ ಯೋಚಿಸೋದೇ ಕೂಡೋದು ಕಳೆಯೋದು.

ಇಬ್ರು ಮಕ್ಕಳಿದ್ರೆ ಮೊದಲ ಹತ್ತು ನಿಮಿಷ ಚಿಕ್ಕೋರಿಗೆ ಕೊಡಿ. ಅಮ್ಮ ಪೂರ್ತಿ ನಂದು ಅನ್ನೋದು ಸಿಕ್ಕಿದ್ರೆ ಆಮೇಲೆ ಸುಮ್ನಿರ್ತಾರೆ. ಆಮೇಲೆ ಕೈಗೊಂದು ಕೆಲಸ, ನಮ್ಮೋನಿಗೆ ಬಟಾಣಿ ಬಿಡಿಸೋದು ಅಂದ್ರೆ ಪ್ರಾಣ, ಅರ್ಧ ಬಾಯಿಗೆ ಹೋಗತ್ತೆ, ಹೋಗ್ಲಿ.

ಮಕ್ಕಳ ಸಹವಾಸ ಹೇಗೆ ಅನ್ನೋದು ನಿಜವಾದ ಪ್ರಶ್ನೆ, ಇದನ್ನ ಹಗುರ ಮಾಡ್ಬೇಡಿ. ವಠಾರದ ಮಕ್ಕಳು ಸ್ಕೂಲಿಂದ ಬರೋದು ನಾಲ್ಕಕ್ಕೆ, ಹಾಗಾಗಿ ನಾಲ್ಕರಿಂದ ಆರು ಬೇರೇನೂ ಇಟ್ಕೋಬೇಡಿ, ಅದು ಆಟದ ಹೊತ್ತು. ವಾರಕ್ಕೊಂದಿನ ಮನೆಯಿಂದ ಹೊರಗೆ ಹೋಗ್ಲೇಬೇಕು ಅಂತ ಮಾಡ್ಕೊಳಿ. ನಾವು ಗುರುವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆ, ಹೆಜ್ಜಾರ್ಲೆ ನೋಡಿ ಬಂದು ಚಿತ್ರ ಬರಿಯೋದು. ಊರು ಯಾವುದಾದ್ರೇನು, ಕೆರೆ, ಸಂತೆ, ಅಂಚೆ ಕಚೇರಿ ಇದ್ದೇ ಇರತ್ತೆ.

ಮನೇಲಿ ದೊಡ್ಡೋರಿದ್ರೆ ಮೊದಲ ದಿನದಿಂದಲೇ ಸೇರಿಸ್ಕೊಳಿ. ನಮ್ಮತ್ತೆ ಆರು ತಿಂಗಳು ಬೇಜಾರಲ್ಲೇ ಇದ್ರು, ಯಾರಾದ್ರೂ ಮೊಮ್ಮಗಳು ಯಾವ್ ಸ್ಕೂಲು ಅಂದ್ರೆ ಏನಮ್ಮ ಹೇಳ್ಲಿ ಅಂತಿದ್ರು. ವಾದ ಮಾಡಿ ಉಪಯೋಗ ಆಗ್ಲಿಲ್ಲ. ಮಧ್ಯಾಹ್ನದ ಕಥೆ ನೀವೇ ಹೇಳಿ ಅಂತ ಒಪ್ಪಿಸಿದ್ವಿ, ಈಗ ಆ ಹೊತ್ತು ಅವರದ್ದು, ನಾನು ಬಾಯಿ ಹಾಕಲ್ಲ. ಮಗೂಗೂ ಉತ್ತರ ಹೇಳ್ಕೊಡಿ, ನಾನು ಮನೇಲಿ ಓದ್ತೀನಿ ಅಂತ ನೆಟ್ಟಗೆ ಹೇಳಕ್ಕೆ ಬಂದ್ರೆ ಅದಕ್ಕೆ ಮುಜುಗರ ಆಗಲ್ಲ.

ಕಾನೂನಿನ ವಿಷಯ ಗೊತ್ತಿದ್ದೇ ಇಳೀರಿ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಅದರ 10ನೇ ಸೆಕ್ಷನ್ ಮಗೂನ ಸ್ಕೂಲಿಗೆ ಸೇರಿಸೋದು ಅಪ್ಪ ಅಮ್ಮನ ಕರ್ತವ್ಯ ಅನ್ನತ್ತೆ, ಆದ್ರೆ ಸೇರಿಸದ ಪೋಷಕರಿಗೆ ಕಾಯ್ದೇಲಿ ಶಿಕ್ಷೆ ಇಟ್ಟಿಲ್ಲ, ಮನೆಪಾಠಕ್ಕೆ ಅಂತ ಬೇರೆ ನಿಯಮಾನೂ ಇಲ್ಲ. ಮುಂದಕ್ಕೆ ಪರೀಕ್ಷೆಗೆ ಎನ್‌ಐಒಎಸ್ ಅಂದ್ರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿ ಇದೆ, ಅವರ ಮುಕ್ತ ಮೂಲ ಶಿಕ್ಷಣದಲ್ಲಿ ಎ ಹಂತ ಮೂರನೇ ಕ್ಲಾಸಿಗೆ, ಬಿ ಐದಕ್ಕೆ, ಸಿ ಎಂಟಕ್ಕೆ ಸಮ, ಹತ್ತನೇ ಕ್ಲಾಸಿಗೆ ಹದಿನಾಲ್ಕು ತುಂಬಿರಬೇಕು. ಹಾಗಾಗಿ ಜನನ ಪ್ರಮಾಣಪತ್ರ ಜೋಪಾನ, ಜೊತೆಗೆ ಒಂದು ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ ಏನ್ ಓದಿದ್ರು ಏನ್ ಮಾಡಿದ್ರು ಅಂತ ದಿನಾ ಒಂದ್ ಸಾಲು ಬರ್ದಿಡಿ, ಚಿತ್ರ ಬರ್ದಿದ್ರೆ ಅದನ್ನೂ ಅಂಟಿಸಿ.

ಜ್ವರ, ಮದುವೆ, ಊರಿಂದ ಬಂದ ನಂಟರು, ಹದಿನೈದು ದಿನ ಎಲ್ಲಾ ಬಿದ್ದೋಗತ್ತೆ. ಎಲ್ಲಾನೂ ಒಟ್ಟಿಗೆ ವಾಪಸ್ ಎಬ್ಬಿಸಕ್ಕೆ ಹೋಗ್ಬೇಡಿ. ಮೊದಲ ಮೂರು ದಿನ ರಾತ್ರಿ ಕಥೆ ಮಾತ್ರ, ಆಮೇಲೆ ತಿಂಡಿ ಆದ್ಮೇಲೆ ಚಾಪೆ, ಉಳಿದದ್ದು ಅದರ ಹಿಂದೆ. ನಿಮಗೇ ಸುಸ್ತಾಗಿ ಮಗು ಮೇಲೆ ರೇಗ್ತಿದೀರಿ ಅಂತ ಅನ್ಸಿದ್ರೆ ಆವತ್ತು ಚಾಪೆ ಮಡಿಚಿಟ್ಟು ಎಲ್ರೂ ಹೊರಗೆ ಹೋಗಿ. ಅಪ್ಪ ವಾರಕ್ಕೆ ಎರಡು ದಿನನಾದ್ರೂ ಪೂರ್ತಿ ಜವಾಬ್ದಾರಿ ತಗೊಳ್ಲೇಬೇಕು, ಇದನ್ನ ಶುರುವಲ್ಲೇ ಮಾತಾಡ್ಕೊಳಿ, ಇಲ್ಲಾಂದ್ರೆ ಎಲ್ಲಾ ಅಮ್ಮನ ತಲೆ ಮೇಲೇ ಬರತ್ತೆ, ಅದು ಜಾಸ್ತಿ ದಿನ ನಡಿಯಲ್ಲ.

ಇನ್ನೊಂದು, ಮಗೂಗೇ ಸ್ಕೂಲಿಗೆ ಹೋಗ್ಬೇಕು ಅನ್ಸಿದ್ರೆ ಕಳಿಸಿ. ಆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸ್ಕೂಲಿಗೆ ಸೇರದೇ ಇದ್ದ ಮಗೂನ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸ್ಕೋಬೇಕು, ಹಾಗಾಗಿ ವರ್ಷ ಹಾಳಾಗತ್ತೆ ಅನ್ನೋ ಭಯ ಬೇಡ. ನಾವು ಪ್ರತಿ ಏಪ್ರಿಲಲ್ಲಿ ದೊಡ್ಡವಳನ್ನ ಕೂರಿಸ್ಕೊಂಡು ಕೇಳ್ತೀವಿ. ಈ ಸಲ ತಕ್ಷಣ ಬೇಡ ಅನ್ಲಿಲ್ಲ, ಎದುರುಮನೆ ಹುಡುಗಿ ಹೋಗೋ ಸ್ಕೂಲು ಒಂದ್ಸಲ ನೋಡ್ಬೇಕು ಅಂದ್ಲು, ಮುಂದಿನ ವಾರ ಕರ್ಕೊಂಡ್ ಹೋಗ್ತಿದೀವಿ.