ಮಿಂಚುಹುಳು, ಹಗಲ ಪತಂಗ: ನಾನು ಹೋಲಿಸಿ ನೋಡುವ ಬಗೆ

ಪುಣೆಯಲ್ಲಿರುವ ನಮ್ಮ ಕನ್ನಡದ ಮನೆಗಳ ಮಕ್ಕಳನ್ನು ಕಟ್ಟಿಕೊಂಡು ಹುಳು ನೋಡಲು ಹೋಗುವುದು ನನ್ನ ರೂಢಿ. ಮೇ ಕೊನೆಗೆ, ಇಲ್ಲವೇ ಜೂನ್ ಶುರುವಿಗೆ ಲೋಣಾವಳದ ಹತ್ತಿರದ ರಾಜಮಾಚಿಗೆ ಮಿಂಚುಹುಳು ನೋಡಲು. ಮಳೆ ಹಿಡಿದ ಮೇಲೆ ಸಿಂಹಗಡದ ಬುಡದ ಹುಲ್ಲಿಗೆ, ಅಮಾಟಾ ಎಂಬ ಪತಂಗಕ್ಕಾಗಿ. ಒಂದು ರಾತ್ರಿ ಹೊಳೆಯುವ ದುಂಬಿ, ಇನ್ನೊಂದು ಹಗಲಲ್ಲೇ ಹಾರುವ ಪತಂಗ. ಎರಡರ ಮುಂದೆಯೂ ನಾನು ಕೇಳುವ ಪ್ರಶ್ನೆ ಒಂದೇ: ಇಷ್ಟೊಂದು ಎದ್ದು ಕಾಣುವುದು ಯಾರ ಕಣ್ಣಿಗೆ ಬೀಳಲಿ ಅಂತ?

ಮಿಂಚುಹುಳುವಿಗೆ ಕತ್ತಲು ಬೇಕು. ಟಾರ್ಚು, ಮೊಬೈಲು ಎಲ್ಲ ಆರಿಸಿ 20 ನಿಮಿಷ ಮಕ್ಕಳನ್ನು ಸುಮ್ನೆ ಕೂರಿಸುತ್ತೇನೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅಷ್ಟಾದರೂ ಬೇಕು. ದಾರಿ ಕಾಣಲೇಬೇಕಾದರೆ ಕೆಂಪು ಜಿಲೇಟಿನ್ ಕಾಗದ ಸುತ್ತಿದ ಟಾರ್ಚು, ಅದೂ ನೆಲದ ಕಡೆಗೆ. ಹಾರುತ್ತಾ ಮಿಣುಕುವುದು ಹೆಚ್ಚಾಗಿ ಗಂಡು. ಹುಲ್ಲಲ್ಲೋ ಎಲೆ ಮೇಲೋ ಕೂತು ಉತ್ತರ ಕೊಡುವುದು ಹೆಣ್ಣು. ಕೈಗೆಟಕುವಷ್ಟು ಹತ್ತಿರ ಕೂತಿದ್ದರೆ ಹೊಟ್ಟೆಯ ಅಡಿ ನೋಡಿ. ಇಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯಲ್ಲಿ ಗಂಡಿಗೆ ಎರಡು ಖಂಡ (ಹೊಟ್ಟೆಯ ಉಂಗುರದಂಥ ಭಾಗ) ಹೊಳೆಯುತ್ತವೆ, ಹೆಣ್ಣಿಗೆ ಒಂದೇ. ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದ ಜೊತೆ ಸೇರಿ ಈ ಬೆಳಕು ಹುಟ್ಟುತ್ತದೆ. ಅದರಲ್ಲಿ ಬಿಸಿ ಇಲ್ಲ ಅಂತಲೇ ಹೇಳಬಹುದು. ಜನ ಗುಂಪಾಗಿ ಬಂದು ಟಾರ್ಚು ಬಿಟ್ಟರೆ ಗಂಡು ಹೆಣ್ಣಿನ ಈ ಸನ್ನೆ ಕೆಟ್ಟುಹೋಗುತ್ತದೆ. ನೋಡಿದರೆ ಸಂಕಟವಾಗುತ್ತದೆ.

ಅಮಾಟಾ ನೋಡಲು ಇಷ್ಟು ತಯಾರಿ ಬೇಡ. ಬಿಸಿಲು ಬಿದ್ದ ಬೆಳಗ್ಗೆ ಹೋದರೆ ಸಾಕು. ಕಪ್ಪು ರೆಕ್ಕೆ, ಅದರಲ್ಲಿ ಆಚೆ ಕಾಣುವ ತೆಳು ಚುಕ್ಕೆಗಳು, ಹೊಟ್ಟೆಗೆ ಹಳದಿ ಪಟ್ಟೆ. ಥೇಟ್ ಕಣಜ! ಮಕ್ಕಳು ಹಿಂದೆ ಸರಿಯುತ್ತಾರೆ. ಹಕ್ಕಿಗಳೂ ಹಾಗೇ ಸರಿಯಲಿ ಅಂತಲೇ ಈ ವೇಷ. ಕುಟುಕುವ ಮುಳ್ಳಂತೂ ಇಲ್ಲ. ಹಾರುವುದೂ ನಿಧಾನ, ಹಾಗಾಗಿ ಹತ್ತಿರದಿಂದಲೇ ನೋಡಬಹುದು. ಜೋಡಿ ಹುಡುಕಲು ಪತಂಗಗಳಿಗೆ ಸಾಮಾನ್ಯವಾಗಿ ವಾಸನೆಯೇ ದಾರಿ. ಹೆಣ್ಣು ಬಿಟ್ಟ ವಾಸನೆ ಹಿಡಿದು ಗಂಡು ಬರುತ್ತದೆ.

ಹಾಗಾದರೆ ಬೆಳಕು ಜೋಡಿಗೆ, ಬಣ್ಣ ಶತ್ರುವಿಗೆ, ಅಲ್ವಾ? ಅಷ್ಟಕ್ಕೇ ನಿಲ್ಲಿಸಬೇಡಿ. ಮಿಂಚುಹುಳುವಿನ ಮರಿಯೂ ಹೊಳೆಯುತ್ತದೆ. ಅದಕ್ಕೆ ಜೋಡಿಯ ಗೊಡವೆಯೇ ಇಲ್ಲ. ‘ನಾನು ಕಹಿ, ಬಾಯಿ ಹಾಕಬೇಡ’ ಅಂತ ತಿನ್ನಲು ಬಂದವರಿಗೆ ಅದು ಹೇಳುತ್ತದೆ. ಈ ಕುಟುಂಬದಲ್ಲಿ ಬೆಳಕು ಮೊದಲು ಮರಿಗಳಲ್ಲೇ ಹುಟ್ಟಿತು, ಜೋಡಿ ಕರೆಯುವ ಕೆಲಸ ಆಮೇಲೆ ಸೇರಿಕೊಂಡಿತು ಅನ್ನುವುದು ಕೀಟತಜ್ಞರ ವಿವರಣೆ. ಹಾಗಾಗಿ ಪತಂಗವನ್ನು ಹೋಲಿಸಬೇಕಾದದ್ದು ದೊಡ್ಡ ಮಿಂಚುಹುಳುವಿಗಿಂತ ಜಾಸ್ತಿ ಅದರ ಮರಿಯ ಜೊತೆ ಅಂತ ನನಗನಿಸುತ್ತದೆ. ಮಳೆಗಾಲದಲ್ಲಿ ಬಸವನಹುಳು ಓಡಾಡುವ ಒದ್ದೆ ನೆಲದಲ್ಲಿ ಆ ಮರಿಯನ್ನು ಹುಡುಕಿ. ಅದರ ಊಟ ಅಲ್ಲೇ ಇರುವುದು.